ತಲೆಯೊಳಗಿನ ಗಾಯಕ್ಕೆ ಸಾಕ್ಷಿ ಹೇಳುವವರು ಯಾರು?

ನಮ್ಮ ಬಳಗದ ಒಬ್ಬರ ದೊಡ್ಡಪ್ಪನ ಮಗ ಬಳಗಾನೂರಿನವರು. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಯಾವ ರೈತ ಎಷ್ಟು ಚೀಲ ಯೂರಿಯಾ ಉದ್ದರಿ ಒಯ್ದಿದ್ದಾನೆ, ಯಾರ ಬಾಕಿ ಎಷ್ಟು ಉಳಿದಿದೆ ಎಂದು ಪುಸ್ತಕ ತೆರೆಯದೇ ಹೇಳುತ್ತಿದ್ದರು.

ಒಂದು ಸಂಜೆ ಸಿಂಧನೂರಿನಿಂದ ಬೈಕಿನಲ್ಲಿ ಬರುವಾಗ ಟಂಟಂ ಗಾಡಿ ಗುದ್ದಿತು. ತಲೆಗೆ ಪೆಟ್ಟು ಬಿತ್ತು. ಎರಡು ದಿನ ಎಚ್ಚರವಿರಲಿಲ್ಲ. ಇಪ್ಪತ್ತು ದಿನ ಆಸ್ಪತ್ರೆ. ಹೊಲಿಗೆ ಬಿಚ್ಚಿದರು, ಕೂದಲು ಬೆಳೆಯಿತು, ಮನೆಗೆ ಬಂದರು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: 'ದೇವರು ದೊಡ್ಡವನು, ಆರಾಮ ಅದಾನ.'

ಆದರೆ ಅಂಗಡಿಗೆ ಹೋದರೆ ಕೂಡಿಸುವ ಲೆಕ್ಕ ಕೂಡುತ್ತಿರಲಿಲ್ಲ. ಕೊಟ್ಟ ಹಣ ಎಣಿಸುತ್ತಾ ನಡುವೆ ಮರೆಯುತ್ತಿದ್ದರು. ಎಂದೂ ದನಿ ಎತ್ತರಿಸದ ಮನುಷ್ಯ ಸಣ್ಣ ಮಾತಿಗೆ ತಾಟು ಎಸೆಯತೊಡಗಿದರು. ಆರು ತಿಂಗಳಲ್ಲಿ ಕೆಲಸ ಹೋಯಿತು.

ಪರಿಹಾರದ ಕೇಸು ನಡೆಯಿತು. ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿಗೆ ನಿಂತು ನಾಲ್ಕು ಪ್ರಶ್ನೆ ಕೇಳಿದರು. ನಿಮ್ಮ ಹೆಸರೇನು, ಊರು ಯಾವುದು, ಮಕ್ಕಳು ಎಷ್ಟು, ಇವತ್ತು ಯಾವ ವಾರ? ನಾಲ್ಕಕ್ಕೂ ಸರಿಯಾದ ಉತ್ತರ ಬಂತು. ನೆನಪಿನ ಶಕ್ತಿ ಹೋಗಿದೆ ಎಂಬುದು ಸುಳ್ಳು ಎಂದು ವಕೀಲರು ವಾದಿಸಿದರು. ಆಸ್ಪತ್ರೆ ಖರ್ಚು ಮತ್ತು ಮೇಲೊಂದಿಷ್ಟು ಹಣಕ್ಕೆ ಕೇಸು ಮುಗಿಯಿತು. ಹೊರಗೆ ಬಂದ ಮೇಲೆ ಅತ್ತಿಗೆ ಹೇಳಿದ ಮಾತು ನಮಗೆ ಇನ್ನೂ ಕಿವಿಯಲ್ಲಿದೆ: 'ಹೆಸರು ಕೇಳಿದ್ರ ಹೇಳ್ತಾರ ತಮ್ಮಾ. ಮುಂಜಾನಿ ಏನು ಉಂಡ್ರಿ ಅಂತ ಕೇಳಬೇಕಿತ್ತು.'

ಕಾಲು ಮುರಿದರೆ ಎಕ್ಸ್‌ರೇ ಇದೆ. ಎಲುಬಿನ ಡಾಕ್ಟರು ಬಂದು ಇಷ್ಟು ಪರ್ಸೆಂಟ್ ಊನ ಎಂದು ಹೇಳುತ್ತಾರೆ. ನೆನಪು, ಗಮನ, ಲೆಕ್ಕ, ತಾಳ್ಮೆ ಮುರಿದರೆ ಯಾರು ಬಂದು ಹೇಳಬೇಕು? ಅದಕ್ಕೂ ಒಬ್ಬ ತಜ್ಞರಿದ್ದಾರೆ. ಅವರನ್ನು ನ್ಯೂರೋಸೈಕಾಲಜಿಸ್ಟ್ ಎನ್ನುತ್ತಾರೆ. ಮಿದುಳಿಗೆ ಪೆಟ್ಟು ಬಿದ್ದ ಮೇಲೆ ಮನಸ್ಸಿನ ಯಾವ ಕೆಲಸ ಎಷ್ಟು ಕೆಟ್ಟಿದೆ, ಎಷ್ಟು ಉಳಿದಿದೆ ಎಂದು ಅಳೆಯುವವರು. ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ದೊಡ್ಡ ಇತಿಹಾಸವಿದೆ. ಅದು ಕೋರ್ಟಿಗೆ ಹೋದ ದಾರಿಯಲ್ಲಿ ಒಂದು ದೊಡ್ಡ ಎಡವಟ್ಟೂ ಆಗಿದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಒಂದು ಕಬ್ಬಿಣದ ಸಲಾಕೆ

ಕಥೆ ಅಮೆರಿಕದಲ್ಲಿ 1848ರ ಸೆಪ್ಟೆಂಬರ್ 13ರಂದು ಶುರುವಾಗುತ್ತದೆ. ರೈಲು ಹಳಿ ಹಾಕಲು ಬಂಡೆ ಸಿಡಿಸುವ ಕೆಲಸ ನಡೆದಿತ್ತು. ಕೂಲಿಗಳ ಮೇಸ್ತ್ರಿಯ ಹೆಸರು ಫಿನಿಯಸ್ ಗೇಜ್, ವಯಸ್ಸು 25. ಮದ್ದು ತುಂಬುವಾಗ ಕಿಡಿ ಹೊತ್ತಿ, ಮೂರೂವರೆ ಅಡಿಗೂ ಉದ್ದದ, ಸುಮಾರು ಆರು ಕೆ.ಜಿ. ತೂಕದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹಾರಿತು. ಅವನು ಸಾಯಲಿಲ್ಲ. ಎದ್ದು ಕೂತ, ಮಾತನಾಡಿದ.

ಅವನಿಗೆ ಚಿಕಿತ್ಸೆ ಮಾಡಿದ ಡಾಕ್ಟರ್ ಜಾನ್ ಹಾರ್ಲೋ ಮುಂದೆ ಬರೆದದ್ದು ಮುಖ್ಯ. ಕೈಕಾಲು ಸರಿ ಇದ್ದವು, ಮಾತು ಸರಿ ಇತ್ತು, ಆದರೆ ಸ್ವಭಾವ ಬದಲಾಗಿತ್ತು. ಮೊದಲು ಜವಾಬ್ದಾರಿಯ ಮನುಷ್ಯ, ಈಗ ಹಟಮಾರಿ, ಒರಟು. ಗೆಳೆಯರಿಗೆ ಅವನು ತಮ್ಮ ಹಳೆಯ ಗೇಜ್ ಎನಿಸಲಿಲ್ಲ. ನಮ್ಮೂರ ಭಾಷೆಯಲ್ಲಿ ಹೇಳಬೇಕೆಂದರೆ ಗಾಯ ಮಾಯ್ದಿತ್ತು, ಮನುಷ್ಯ ಬದಲಾಗಿದ್ದ. ಕಥೆಗೆ ಇನ್ನೊಂದು ತುದಿಯೂ ಇದೆ. ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಪೆಟ್ಟು ಬಿದ್ದ ಮಿದುಳೂ ಕೆಲಸವನ್ನು ಮತ್ತೆ ಕಲಿಯಬಲ್ಲದು ಎಂಬುದಕ್ಕೂ ಅವನೇ ಉದಾಹರಣೆ.

1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ಡಾಕ್ಟರು, ಮಾತು ಹೋಗಿದ್ದ ರೋಗಿಯೊಬ್ಬ ಸತ್ತ ಮೇಲೆ ಅವನ ಮಿದುಳು ಪರೀಕ್ಷಿಸಿ, ಎಡಭಾಗದ ಒಂದು ಜಾಗ ಕೆಟ್ಟಿರುವುದನ್ನು ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗುಂಡು ಬಿದ್ದ ಸೈನಿಕರನ್ನು ರಷ್ಯದ ಅಲೆಕ್ಸಾಂಡರ್ ಲೂರಿಯಾ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಯಾವ ಭಾಗಕ್ಕೆ ಪೆಟ್ಟು ಬಿದ್ದರೆ ಯಾವ ಕೆಲಸ ಕೆಡುತ್ತದೆ ಎಂಬ ತಿಳಿವಳಿಕೆ ಹೀಗೆ ಗಾಯಾಳುಗಳಿಂದಲೇ ಬೆಳೆಯಿತು.

ಬೆಂಗಳೂರಿಗೆ ಬಂದದ್ದು

ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಕಡೆಯವರಿಗೆ ಹೊಸ ಹೆಸರಲ್ಲ. ಅದರ ಬೇರು 1847ರ ಹುಚ್ಚಾಸ್ಪತ್ರೆಯಲ್ಲಿದೆ. ಆಗಿನವರು ಅದನ್ನು ಹಾಗೆಯೇ ಕರೆಯುತ್ತಿದ್ದರು. 1925ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮರುವರ್ಷವೇ ಮನೋವಿಜ್ಞಾನ ಓದಿದವರಿಗೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತರಬೇತಿ ಕೊಡುವ ಕೋರ್ಸು ಬಂತು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಯಿತು.

ಈ ಸಂಸ್ಥೆ ಹುಟ್ಟಿದ 1954ರಲ್ಲಿ ನಾವು ಆ ರಾಜ್ಯದವರೇ ಆಗಿರಲಿಲ್ಲ. ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಒಂದಾದೆವು. ರಾಜ್ಯ ಒಂದಾದರೂ ದಾರಿ ದೂರವೇ ಉಳಿಯಿತು. ನಿಮ್ಹಾನ್ಸ್ ನಮ್ಮ ಕಡೆಗೆ ಒಂದು ಹೆಜ್ಜೆ ಇಟ್ಟದ್ದು 1985ರಲ್ಲಿ. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗ ಅದು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಬಳ್ಳಾರಿಯ ಅನುಭವವೇ ಅದಕ್ಕೆ ಮಾದರಿಯಾಯಿತು.

ಮಿದುಳು ಪರೀಕ್ಷೆಗೆ ನಿಮ್ಹಾನ್ಸ್ ಕೊಟ್ಟ ದೊಡ್ಡ ಕಾಣಿಕೆ 2004ರಲ್ಲಿ ಬಂತು. ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ ಸೇರಿ 'ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ' ಎಂಬ ಕೈಪಿಡಿ ತಂದರು. ಬ್ಯಾಟರಿ ಎಂದರೆ ಇಲ್ಲಿ ಒಂದು ಕಟ್ಟು ಪರೀಕ್ಷೆಗಳು.

ಅದರಲ್ಲಿ ಏನಿರುತ್ತದೆ? ಹದಿನೈದು ಪದ ಓದಿ ಹೇಳುತ್ತಾರೆ, ನೆನಪಿದ್ದಷ್ಟು ಮರಳಿ ಹೇಳಬೇಕು. ಐದು ಸಲ ಹೀಗೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಓದದೇ ಕೇಳುತ್ತಾರೆ. ಬಣ್ಣದ ವೃತ್ತಗಳನ್ನು ಒಂದು ಬಿಟ್ಟು ಒಂದರಂತೆ ಗೆರೆಯಿಂದ ಸೇರಿಸಲು ಹೇಳುತ್ತಾರೆ. ಗೂಟದ ಮೇಲಿನ ಚೆಂಡುಗಳನ್ನು ಕಡಿಮೆ ನಡೆಯಲ್ಲಿ ಜೋಡಿಸಲು ಹೇಳುತ್ತಾರೆ. ಬೆರಳಿನಿಂದ ಎಷ್ಟು ಬೇಗ ತಟ್ಟುತ್ತೀರಿ ಎಂದು ಎಣಿಸುತ್ತಾರೆ. ನೆನಪು, ಗಮನ, ಯೋಜನೆ, ವೇಗ ಒಂದೊಂದಕ್ಕೂ ಒಂದೊಂದು ಅಳತೆ.

ಈ ಕೈಪಿಡಿಯ ಬೆಲೆ ಹಳ್ಳಿಯವರಿಗೆ ಹೆಚ್ಚು. ಯಾಕೆ ಗೊತ್ತೆ? ಅಳತೆ ಎಂದರೆ ಹೋಲಿಕೆ. ಶಾಲೆಯ ಮುಖವನ್ನೇ ನೋಡದ ಐವತ್ತು ವರ್ಷದ ಹೆಣ್ಣುಮಗಳ ಅಂಕವನ್ನು ಕಾಲೇಜು ಓದಿದ ಹುಡುಗನ ಅಂಕಕ್ಕೆ ಹೋಲಿಸಿದರೆ, ಆರೋಗ್ಯವಂತಳಾದ ಆಕೆಯೂ ರೋಗಿಯಾಗಿ ಕಾಣುತ್ತಾಳೆ. ನಿಮ್ಹಾನ್ಸ್ ತಂಡ ಓದು ಬರಹ ಬಾರದವರು, ಶಾಲೆ ಓದಿದವರು, ಕಾಲೇಜು ಓದಿದವರು ಎಂದು ಬೇರೆ ಬೇರೆ ಮಾಡಿ, ವಯಸ್ಸು ಮತ್ತು ಹೆಣ್ಣು–ಗಂಡು ಪ್ರಕಾರವೂ ಬೇರೆ ಅಳತೆಗೋಲು ಕೊಟ್ಟಿತು. ನಿಮ್ಮನ್ನು ನಿಮ್ಮಂಥವರ ಜೊತೆಗೆ ತೂಗುವ ತಕ್ಕಡಿ ಬಂತು.

ಕೋರ್ಟಿನ ಬಾಗಿಲು

ಕೋರ್ಟು ಮನಸ್ಸಿನ ಬಗ್ಗೆ ಪ್ರಶ್ನೆ ಕೇಳುವುದು ಹಳೆಯ ಸಂಗತಿ. 1843ರಲ್ಲಿ ಇಂಗ್ಲೆಂಡಿನಲ್ಲಿ ಮ್ಯಾಕ್‌ನಾಟನ್ ಎಂಬುವನು ಪ್ರಧಾನಿಯ ಕಾರ್ಯದರ್ಶಿಗೆ ಗುಂಡು ಹೊಡೆದ. ಬುದ್ಧಿ ಸ್ಥಿಮಿತದಲ್ಲಿ ಇಲ್ಲ ಎಂಬ ಕಾರಣಕ್ಕೆ ಅವನಿಗೆ ಶಿಕ್ಷೆಯಾಗಲಿಲ್ಲ. ಆಗ ಅಲ್ಲಿನ ನ್ಯಾಯಾಧೀಶರು ಹಾಕಿದ ನಿಯಮವೇ 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಮಿಗೆ ಆಧಾರವಾಯಿತು. ತಾನು ಮಾಡುತ್ತಿರುವುದು ಏನು, ಅದು ತಪ್ಪು ಎಂದು ಅರಿಯಲಾರದಷ್ಟು ಬುದ್ಧಿ ಕೆಟ್ಟವನ ಕೃತ್ಯ ಅಪರಾಧವಲ್ಲ ಎನ್ನುವ ಕಲಮು ಅದು. ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಾಗಿದೆ.

ಬಹುಕಾಲ ಈ ವಿಷಯದಲ್ಲಿ ಸಾಕ್ಷಿ ಹೇಳುವ ಹಕ್ಕು ಡಾಕ್ಟರುಗಳದ್ದು ಮಾತ್ರ ಎಂಬ ನಂಬಿಕೆ ಇತ್ತು. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ಮೇಲ್ಮನವಿ ಕೋರ್ಟು ಜೆಂಕಿನ್ಸ್ ಎಂಬುವನ ಪ್ರಕರಣದಲ್ಲಿ ಆ ನಂಬಿಕೆ ಮುರಿಯಿತು. ವೈದ್ಯಕೀಯ ಪದವಿ ಇಲ್ಲ ಎಂಬ ಒಂದೇ ಕಾರಣಕ್ಕೆ ಮನೋವಿಜ್ಞಾನಿಯ ಸಾಕ್ಷ್ಯ ತಳ್ಳಬಾರದು, ಅವರ ಓದು ಮತ್ತು ಅನುಭವ ನೋಡಬೇಕು ಎಂದಿತು.

ನಮ್ಮಲ್ಲಿ ಸಾಕ್ಷ್ಯ ಕಾಯ್ದೆಯ 45ನೇ ಕಲಮು ಯಾವುದೇ ವಿಜ್ಞಾನದಲ್ಲಿ ಪರಿಣತರಾದವರ ಅಭಿಪ್ರಾಯಕ್ಕೆ ಮೊದಲಿನಿಂದಲೂ ಜಾಗ ಕೊಟ್ಟಿತ್ತು. 2024ರ ಜುಲೈ 1ರಿಂದ ಅದು ಹೊಸ ಸಾಕ್ಷ್ಯ ಅಧಿನಿಯಮದ 39ನೇ ಕಲಮು. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ನೋಂದಣಿ ಕಡ್ಡಾಯ ಮಾಡಿತು. ಈ ಪರಿಷತ್ತನ್ನು ಎಲ್ಲರೂ ಆರ್‌ಸಿಐ ಎನ್ನುತ್ತಾರೆ. 2008ರ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಗೇ ಅವರ ಹೆಸರು ಸೇರಿಸಿತು. ಆರೋಪಿಯ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕಂಡರೆ ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿ ಕಳಿಸಬೇಕು ಎಂದಿತು. ನಮ್ಮಲ್ಲಿ ಮಿದುಳಿನ ಈ ಪರೀಕ್ಷೆ ಮಾಡುವವರು ಹೆಚ್ಚಾಗಿ ಇವರೇ.

ಇಷ್ಟರಲ್ಲಿ ಬೇರೊಂದು ಕಥೆ ನಡೆದಿತ್ತು. ಜನರ ಕಣ್ಣಿಗೆ ಬಿದ್ದದ್ದೂ ಅದೇ.

ಮಂಪರು ಪರೀಕ್ಷೆಯ ದಿನಗಳು

ನಮ್ಮಲ್ಲಿ ನಲವತ್ತು ದಾಟಿದವರಿಗೆ ಟಿವಿಯಲ್ಲಿ ಕಂಡ ಆ ದೃಶ್ಯ ನೆನಪಿರಬಹುದು. ಛಾಪಾ ಕಾಗದ ಹಗರಣದ ಕರೀಂ ಲಾಲಾ ತೆಲಗಿ ಹಾಸಿಗೆಯ ಮೇಲೆ ಮಲಗಿ, ಅರೆ ಎಚ್ಚರದಲ್ಲಿ ತೊದಲುತ್ತಾ ಹೆಸರುಗಳನ್ನು ಹೇಳುವುದು. 2000ದ ದಶಕದಲ್ಲಿ ಮಂಪರು ಪರೀಕ್ಷೆಗೆ ಬೆಂಗಳೂರು ದೇಶಕ್ಕೇ ಹೆಸರಾಗಿತ್ತು. ಬೇರೆ ರಾಜ್ಯದ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಔಷಧಿ ಚುಚ್ಚಿ ಮಂಪರು ಬರಿಸಿದರೆ ನಿಜ ಹೊರಗೆ ಬರುತ್ತದೆ ಎಂಬುದು ನಂಬಿಕೆ. ಜೊತೆಗೆ ಸುಳ್ಳುಪತ್ತೆ ಯಂತ್ರ, ಬ್ರೈನ್ ಮ್ಯಾಪಿಂಗ್.

ಬ್ರೈನ್ ಮ್ಯಾಪಿಂಗ್‌ನ ಒಂದು ಬಗೆಯನ್ನು ಕಟ್ಟಿದವರು ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್. ನಿಮ್ಹಾನ್ಸ್ ಬಿಟ್ಟ ಮೇಲೆ ಗುಜರಾತಿನ ಗಾಂಧಿನಗರದಲ್ಲಿ ಅದನ್ನು ಬೆಳೆಸಿದರು. ತಲೆಗೆ ತಂತಿಗಳಿರುವ ಟೊಪ್ಪಿಗೆ ಹಾಕುತ್ತಾರೆ. ಆರೋಪಿ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಾನೆ. ಅಪರಾಧದ ವಿವರಗಳನ್ನು 'ನಾನು ಹೀಗೆ ಮಾಡಿದೆ' ಎಂಬಂಥ ವಾಕ್ಯಗಳಲ್ಲಿ ಒಂದೊಂದಾಗಿ ಕೇಳಿಸುತ್ತಾರೆ. ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಿ, ಇದು ಇವನು ಸ್ವತಃ ಅನುಭವಿಸಿದ ಸಂಗತಿಯೋ ಬರೀ ಕೇಳಿ ತಿಳಿದದ್ದೋ ಎಂದು ಕಂಪ್ಯೂಟರ್ ಹೇಳುತ್ತದೆ ಎಂಬುದು ವಾದ.

2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ಕೋರ್ಟು ಒಂದು ಕೊಲೆ ಪ್ರಕರಣದಲ್ಲಿ ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ತೀರ್ಪಿನಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಸಾಕ್ಷ್ಯಗಳಲ್ಲಿ ಈ ಪರೀಕ್ಷೆಯ ವರದಿಯೂ ಒಂದು. ಆಕೆ ಒಂದು ಮಾತನ್ನೂ ಆಡಿರಲಿಲ್ಲ, ಮಿದುಳೇ ಸಾಕ್ಷಿ ಹೇಳಿತ್ತು ಎಂಬಂತೆ ಸುದ್ದಿಯಾಯಿತು. ಜಗತ್ತಿನ ಪತ್ರಿಕೆಗಳು ಬರೆದವು. ಮುಂದೆ ಬಾಂಬೆ ಹೈಕೋರ್ಟು ಆಕೆಗೆ ಜಾಮೀನು ಕೊಟ್ಟಿತು.

ಈ ವಿಧಾನವನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಅದಾಗಲೇ ತಜ್ಞರ ಸಮಿತಿ ಮಾಡಿತ್ತು. ಅದರ ಅಧ್ಯಕ್ಷರು ನಿಮ್ಹಾನ್ಸ್‌ನ ಆಗಿನ ನಿರ್ದೇಶಕ ಡಾ. ಡಿ. ನಾಗರಾಜ. 2008ರಲ್ಲಿ ಸಮಿತಿ ಖಚಿತವಾಗಿ ಹೇಳಿತು: ಇದಕ್ಕೆ ವಿಜ್ಞಾನದ ಗಟ್ಟಿ ಆಧಾರವಿಲ್ಲ, ತನಿಖೆಗಾಗಲಿ ಕೋರ್ಟಿನ ಸಾಕ್ಷ್ಯಕ್ಕಾಗಲಿ ಬಳಸಬಾರದು. ತಮ್ಮದೇ ಸಂಸ್ಥೆಯ ಹಿರಿಯರೊಬ್ಬರು ಕಟ್ಟಿದ ವಿಧಾನವಾದರೂ ಮುಲಾಜು ನೋಡಲಿಲ್ಲ. ನಮ್ಮ ದೃಷ್ಟಿಯಲ್ಲಿ ನಿಮ್ಹಾನ್ಸ್ ಇತಿಹಾಸದ ದೊಡ್ಡ ದಿನಗಳಲ್ಲಿ ಇದೂ ಒಂದು.

ಎರಡು ವರ್ಷದ ನಂತರ, 2010ರ ಮೇ 5ರಂದು, ಸುಪ್ರೀಂ ಕೋರ್ಟು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದ ತೀರ್ಪು ಕೊಟ್ಟಿತು. ಅದರ ಮೂಲವೂ ನಮ್ಮ ರಾಜ್ಯದ್ದೇ. ಮನೆಯವರ ಮಾತು ಮೀರಿ ಬೇರೆ ಜಾತಿಯಲ್ಲಿ ಮದುವೆಯಾದ ಜೋಡಿಯಲ್ಲಿ ಗಂಡನ ಕೊಲೆಯಾಗಿತ್ತು, ಹುಡುಗಿಯ ಮನೆಯವರ ಮೇಲೆ ಅನುಮಾನವಿತ್ತು. ನೇರ ಸಾಕ್ಷಿ ಇಲ್ಲದ್ದರಿಂದ ಪರೀಕ್ಷೆಗಳ ಮೊರೆ ಹೋದರು. 2004ರಲ್ಲಿ ಕರ್ನಾಟಕ ಹೈಕೋರ್ಟು ತಡೆಯಲಿಲ್ಲ, ಪ್ರಕರಣ ದೆಹಲಿಗೆ ಹೋಯಿತು. ಬೇರೆ ರಾಜ್ಯಗಳ ಇಂಥ ಅರ್ಜಿಗಳೂ ಅದರ ಜೊತೆ ಸೇರಿದವು.

ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮತ್ತು ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅವರ ಪೀಠ ಹೇಳಿದ್ದರ ತಿರುಳು ಇಷ್ಟು. ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಮತ್ತು ಬದುಕಿನ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿ ಅದಕ್ಕೆ ಅಡ್ಡ ನಿಲ್ಲುತ್ತವೆ. ಒಪ್ಪಿಗೆ ಕೊಟ್ಟರೂ ಪರೀಕ್ಷೆಯಲ್ಲಿ ಆಡಿದ ಮಾತೇ ಸಾಕ್ಷ್ಯವಾಗುವುದಿಲ್ಲ. ಅದರಿಂದ ಮುಂದೆ ಏನಾದರೂ ವಸ್ತುವೋ ಮಾಹಿತಿಯೋ ಪತ್ತೆಯಾದರೆ ಅದನ್ನು ಮಾತ್ರ ಕಾನೂನಿನ ಪ್ರಕಾರ ನೋಡಬಹುದು. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಮತ್ತೆ ಹೇಳಿತು.

ಹೀಗಾಗಿ ಊರಲ್ಲಿ ಕಳ್ಳತನವಾಗಿ, 'ಮಂಪರು ಪರೀಕ್ಷೆ ಮಾಡಿಸ್ತೀವಿ' ಎಂದು ಯಾರಾದರೂ ಹೆದರಿಸಿದರೆ ಒಂದು ಮಾತು ನೆನಪಿಡಿ. ನಿಮ್ಮ ಒಪ್ಪಿಗೆ ಇಲ್ಲದೆ ಅದು ಆಗದು. ಒಪ್ಪಿಗೆ ಎಂದರೆ ಠಾಣೆಯಲ್ಲಿ ಹಾಕಿದ ಹೆಬ್ಬೆಟ್ಟಲ್ಲ. ವಕೀಲರ ಸಲಹೆ ಪಡೆದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು.

ಅದೇ ವರ್ಷದ ಇನ್ನೊಂದು ತೀರ್ಪು

ಸೆಲ್ವಿ ತೀರ್ಪು ದೊಡ್ಡ ಸುದ್ದಿಯಾಯಿತು. ಅದೇ 2010ರ ಅಕ್ಟೋಬರ್ 18ರಂದು ಬಂದ ಇನ್ನೊಂದು ತೀರ್ಪು ಅಷ್ಟು ಸುದ್ದಿಯಾಗಲಿಲ್ಲ. ಆದರೆ ನಮ್ಮ ಊರಿನವರ ಬದುಕಿಗೆ ಅದು ಹೆಚ್ಚು ಹತ್ತಿರದ್ದು. 'ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್' ಎಂಬ ಆ ಅಪಘಾತ ಪರಿಹಾರದ ತೀರ್ಪು ಬರೆದವರು, ಸೆಲ್ವಿ ಪೀಠದಲ್ಲೂ ಇದ್ದ ನ್ಯಾಯಮೂರ್ತಿ ರವೀಂದ್ರನ್. ಅವರು ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನ್ಯಾಯಮೂರ್ತಿಯಾಗಿದ್ದವರು.

ಡಾಕ್ಟರು ಬರೆದ ಊನದ ಪರ್ಸೆಂಟೇ ಗಳಿಕೆ ಹೋದ ಪರ್ಸೆಂಟ್ ಅಲ್ಲ ಎಂದಿತು ತೀರ್ಪು. ಒಂದು ಕೈ ಹೋದರೆ ಡ್ರೈವರ್‌ನ ಅಥವಾ ಬಡಿಗೇರನ ದುಡಿಮೆ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನ ಸಂಬಳ ಹಾಗೇ ಉಳಿಯಬಹುದು. ಆದ್ದರಿಂದ ಆ ಮನುಷ್ಯ ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ನೋಡಿ ಪರಿಹಾರ ಹಾಕಬೇಕು. ನ್ಯಾಯಮಂಡಳಿ ಸುಮ್ಮನೆ ಕೂರದೆ, ತಾನೇ ಪ್ರಶ್ನೆ ಕೇಳಿ ನಿಜ ತಿಳಿಯಬೇಕು.

ಇದನ್ನು ತಲೆಯ ಗಾಯಕ್ಕೆ ಹಚ್ಚಿ ನೋಡಿ. ನಾಟಿ ಕೂಲಿಯವರ ಗುಂಪಿನ ಮೇಸ್ತ್ರಿಗೆ ಯಾರು ಎಷ್ಟು ದಿನ ಬಂದರು ಎಂಬ ನೆನಪೇ ಬಂಡವಾಳ. ಟ್ರ್ಯಾಕ್ಟರ್ ಚಾಲಕನಿಗೆ ಗಮನವೇ ಬಂಡವಾಳ. ಎಣ್ಣೆ ಹೊಡೆಯುವವನು ಡಬ್ಬಿಗೆ ಎಷ್ಟು ಔಷಧಿ ಎಂಬ ಅಳತೆ ಮರೆತರೆ ಬೆಳೆಯೂ ಹೋದೀತು, ಜೀವವೂ ಹೋದೀತು. ಕೈಕಾಲು ಗಟ್ಟಿ ಇದ್ದರೂ ಇವರ ದುಡಿಮೆ ಹೋಗಬಹುದು. ಅದನ್ನು ಅಳೆದು ತೋರಿಸದಿದ್ದರೆ ಕೋರ್ಟಿಗೆ ಕಾಣುವುದು ಗಟ್ಟಿ ಇರುವ ಕೈಕಾಲು ಮಾತ್ರ.

ಅಳೆದು ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ಹರಿಯಾಣದ ಒಂದು ಪ್ರಕರಣ ಸಾಕು. 2007ರ ಅಕ್ಟೋಬರ್‌ನಲ್ಲಿ ತಂದೆ ತಾಯಿಯ ಜೊತೆ ಟ್ರ್ಯಾಕ್ಟರ್‌ನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಯ ತಲೆಗೆ ಲಾರಿ ಗುದ್ದಿ ಪೆಟ್ಟಾಯಿತು. ಚಂಡೀಗಢದ ಪಿಜಿಐ ಆಸ್ಪತ್ರೆಯ ಪರೀಕ್ಷೆಯಲ್ಲಿ ಆಕೆಯ ಬುದ್ಧಿ ಒಂಬತ್ತು ತಿಂಗಳ ಕೂಸಿನಷ್ಟೇ ಉಳಿದಿದೆ ಎಂದು ಕಂಡಿತು. ನ್ಯಾಯಮಂಡಳಿ ಸುಮಾರು 11 ಲಕ್ಷ ಕೊಟ್ಟಿತ್ತು, ಹೈಕೋರ್ಟು ಅದನ್ನು 25 ಲಕ್ಷದ ಮೇಲಕ್ಕೆ ಏರಿಸಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು 62 ಲಕ್ಷಕ್ಕೂ ಹೆಚ್ಚು ಕೊಡಿಸಿತು. ಬದುಕಿರುವಷ್ಟು ದಿನ ಆಕೆಯನ್ನು ನೋಡಿಕೊಳ್ಳುವವರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿತು. ಹಣದಿಂದ ಆ ಮಗಳು ಮೊದಲಿನಂತಾಗಲಿಲ್ಲ ನಿಜ. ಆದರೆ ಕಾಣದ ಗಾಯವನ್ನು ಕೋರ್ಟು ಕಂಡಿತು.

ಸಾಕ್ಷಿ ಕಟಕಟೆಯಲ್ಲಿ

ಒಳ್ಳೆಯ ತಜ್ಞರ ವರದಿ ಅಂಕದ ಪಟ್ಟಿಗೆ ನಿಲ್ಲುವುದಿಲ್ಲ. ಅಪಘಾತಕ್ಕೆ ಮೊದಲು ಈ ಮನುಷ್ಯ ಹೇಗಿದ್ದ ಎಂಬಲ್ಲಿಂದ ಶುರುವಾಗುತ್ತದೆ. ಎಷ್ಟು ಓದಿದ್ದ, ಏನು ದುಡಿಯುತ್ತಿದ್ದ, ಕುಡಿಯುತ್ತಿದ್ದನೇ, ಮೊದಲೇ ಫಿಟ್ಸ್ ಇತ್ತೇ? ಮನೆಯವರನ್ನು ಬೇರೆ ಕೂರಿಸಿ ಕೇಳುತ್ತಾರೆ. ಸ್ಕ್ಯಾನ್ ವರದಿ ನೋಡುತ್ತಾರೆ. ಆಮೇಲೆ ಪರೀಕ್ಷೆ. ಎಲ್ಲವೂ ಒಂದೇ ಕಥೆ ಹೇಳುತ್ತವೆಯೇ ಎಂದು ಕೊನೆಗೆ ತಾಳೆ ನೋಡುತ್ತಾರೆ.

ವಿಮಾ ಕಂಪನಿಯ ವಕೀಲರ ಮೊದಲ ಪ್ರಶ್ನೆ ಇದೇ ಇರುತ್ತದೆ: 'ಹಣಕ್ಕಾಗಿ ನಾಟಕ ಮಾಡುತ್ತಿಲ್ಲ ಎಂದು ಹೇಗೆ ಹೇಳುತ್ತೀರಿ?' ಕೇಳಬೇಕಾದ ಪ್ರಶ್ನೆಯೇ. ಉತ್ತರ ಹುಡುಕಲು ಒಂದು ಸರಳ ಉಪಾಯವಿದೆ. ಐವತ್ತು ಚಿತ್ರ ತೋರಿಸುತ್ತಾರೆ. ಆಮೇಲೆ ಎರಡೆರಡು ಚಿತ್ರ ಇಟ್ಟು, ಮೊದಲು ನೋಡಿದ್ದು ಯಾವುದು ಎನ್ನುತ್ತಾರೆ. ಏನೂ ನೆನಪಿಲ್ಲದವನು ಕಣ್ಣು ಮುಚ್ಚಿ ಬೆರಳಿಟ್ಟರೂ ಅರ್ಧದಷ್ಟು ಸರಿಯಾಗುತ್ತದೆ. ಅರ್ಧಕ್ಕಿಂತ ಬಹಳ ಕಡಿಮೆ ಬಂದರೆ? ಸರಿಯಾದದ್ದು ಗೊತ್ತಿದ್ದೂ ಬೇಕೆಂದೇ ತಪ್ಪು ತೋರಿಸುತ್ತಿದ್ದಾನೆ ಎಂದರ್ಥ. ನಾಟಕ ಇಲ್ಲಿ ಸಿಕ್ಕಿಬೀಳುತ್ತದೆ, ನಿಜವಾದ ಗಾಯಾಳುವಿಗೆ ಇದೇ ಪರೀಕ್ಷೆ ಬೆಂಬಲವಾಗುತ್ತದೆ. ಅದಕ್ಕೇ ನಮ್ಮ ಮಾತು: ಇದ್ದದ್ದನ್ನು ಹೆಚ್ಚು ಮಾಡಿ ತೋರಿಸಬೇಡಿ. ಯಾರೋ ಹೇಳಿಕೊಟ್ಟರೆಂದು ನಾಟಕ ಮಾಡಿದರೆ ಇರುವ ಗಾಯವೂ ಸುಳ್ಳಾಗುತ್ತದೆ.

ತಜ್ಞರಿಗೂ ಮಿತಿ ಇದೆ. ಚಿಕಿತ್ಸೆ ಕೊಡುವಾಗ ಅವರು ರೋಗಿಯ ಕಡೆಯವರು. ಕೋರ್ಟಿಗೆ ವರದಿ ಬರೆಯುವಾಗ ಯಾರ ಕಡೆಯವರೂ ಅಲ್ಲ, ಆಗ ರೋಗಿ ಹೇಳಿದ್ದೆಲ್ಲ ಗುಟ್ಟಾಗಿ ಉಳಿಯುವುದಿಲ್ಲ. ಇದನ್ನು ಮೊದಲೇ ತಿಳಿಸುವುದು ಅವರ ಕರ್ತವ್ಯ. ಅವರು ಹೇಳಬಲ್ಲದ್ದು ನೆನಪು ಎಷ್ಟಿದೆ, ತಿಳಿವಳಿಕೆ ಎಷ್ಟಿದೆ ಎಂದು. ಅವನು ನಿಜ ಹೇಳುತ್ತಿದ್ದಾನೆಯೇ, ಕೊಲೆ ಮಾಡಿದ್ದಾನೆಯೇ ಎಂದು ಹೇಳಲು ಹೊರಟರೆ ಮತ್ತೆ ಮಂಪರು ದಿನಗಳ ದಾರಿ. ಅಳೆಯಬಲ್ಲದ್ದನ್ನು ಅಳೆದು, ಉಳಿದದ್ದನ್ನು ನ್ಯಾಯಾಧೀಶರಿಗೆ ಬಿಡಬೇಕು. ಇಷ್ಟು ಕಲಿಯಲು ನಮ್ಮ ರಾಜ್ಯಕ್ಕೆ ಹತ್ತು ವರ್ಷ ಹಿಡಿಯಿತು.

ಬಳಗಾನೂರಿಗೆ ಮರಳಿ

ಇಷ್ಟೆಲ್ಲ ಇತಿಹಾಸ ಇದ್ದರೂ ನಮ್ಮ ಅಣ್ಣನ ಕೇಸಿನಲ್ಲಿ ಇಂಥ ಒಂದು ಹಾಳೆಯೂ ಇರಲಿಲ್ಲ. ಪರೀಕ್ಷೆ ಇದೆ ಎಂದು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ನಮಗೂ ಕೇಳಲು ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ ಎಂದು ಕೆಲವು ಮಾತು.

ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದ್ದರೆ, ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ಫಿಲ್ಮ್, ಎಫ್‌ಐಆರ್ ಪ್ರತಿ ಜೋಪಾನ ಮಾಡಿ. ಎಷ್ಟು ಹೊತ್ತು ಎಚ್ಚರವಿರಲಿಲ್ಲ ಎಂದು ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೆ ಆದ ಬದಲಾವಣೆಯನ್ನು ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. 'ಮರೆವು ಜಾಸ್ತಿ' ಎಂದರೆ ಸಾಲದು. 'ಒಲೆ ಮೇಲೆ ಹಾಲಿಟ್ಟು ಮರೆತರು, ಅಂಗಡಿಗೆ ಹೋಗಿ ಏನು ಬೇಕೆಂದು ತಿಳಿಯದೆ ಬಂದರು' ಎಂದು ಬರೆಯಿರಿ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ.

ಹಳೆಯ ಮಾರ್ಕ್ಸ್ ಕಾರ್ಡ್, ಸಂಬಳದ ಚೀಟಿ, ಅಂಗಡಿಯ ಲೆಕ್ಕದ ಪುಸ್ತಕ ಬಿಸಾಡಬೇಡಿ. ಮೊದಲು ಹೇಗಿದ್ದರು ಎಂಬುದಕ್ಕೆ ಅವೇ ಸಾಕ್ಷಿ.

ಡಾಕ್ಟರನ್ನು ನೇರವಾಗಿ ಕೇಳಿ: 'ನ್ಯೂರೋಸೈಕಾಲಜಿ ಪರೀಕ್ಷೆ ಬೇಕೇನ್ರಿ?' ನಿಮ್ಹಾನ್ಸ್ ದೂರವಾದರೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಪರೀಕ್ಷೆ ಮಾಡುವವರ ಆರ್‌ಸಿಐ ನೋಂದಣಿ ಸಂಖ್ಯೆ ವರದಿಯಲ್ಲಿ ಇರಲಿ. ಪರೀಕ್ಷೆ ನಿಮಗೆ ತಿಳಿಯುವ ಕನ್ನಡದಲ್ಲಿ ನಡೆಯಲಿ. ಪದ ತಿಳಿಯದಿದ್ದರೆ ನಾಚಿಕೊಳ್ಳದೆ ಹೇಳಿ. ಬೆಂಗಳೂರಿನ ಮಾತು ತಿಳಿಯದ್ದು ರೋಗವಲ್ಲ.

ಎಂವಿಸಿ ಕೇಸು ಹಾಕಲು ತಡ ಮಾಡಬೇಡಿ. 2022ರ ಏಪ್ರಿಲ್‌ನಿಂದ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಬಂದಿದೆ. ಮಿದುಳಿನ ಪರೀಕ್ಷೆಯ ವರದಿ ಹಾಜರುಪಡಿಸಿ ತಜ್ಞರ ಸಾಕ್ಷಿ ಮಾಡಿಸಲು ವಕೀಲರಿಗೆ ಹೇಳಿ. ಕೆಳಗೆ ನ್ಯಾಯ ಸಿಗಲಿಲ್ಲ ಅನಿಸಿದರೆ ಮೇಲ್ಮನವಿಗೆ ಈಗ ಬೆಂಗಳೂರಿಗೆ ಹೋಗಬೇಕಿಲ್ಲ. 2008ರಿಂದ ಕಲಬುರಗಿಯಲ್ಲೇ ಹೈಕೋರ್ಟ್ ಪೀಠವಿದೆ. ಮನಸ್ಸಿನ ತೊಂದರೆಗೆ ಸಲಹೆ ಬೇಕಾದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ನಮ್ಮ ಅಣ್ಣ ಈಗ ಮನೆಯ ಮುಂದೆ ಸಣ್ಣ ಡಬ್ಬಿ ಅಂಗಡಿ ಇಟ್ಟುಕೊಂಡಿದ್ದಾರೆ. ಉದ್ದರಿ ಕೊಡುವುದಿಲ್ಲ. ನೆನಪಿಡಲು ಆಗುವುದಿಲ್ಲ ಎಂದು ಅವರಿಗೇ ಗೊತ್ತು. ಪ್ರತಿ ವಸ್ತುವಿನ ಮೇಲೆ ಅತ್ತಿಗೆ ಬೆಲೆಯ ಚೀಟಿ ಅಂಟಿಸಿದ್ದಾರೆ. ಹೋದ ವಾರ ನಾವು ಹೋದಾಗ ಹತ್ತು ರೂಪಾಯಿಯ ಬಿಸ್ಕೀಟಿಗೆ ಐವತ್ತರ ನೋಟು ಕೊಟ್ಟೆವು. ಚಿಲ್ಲರೆಯನ್ನು ಎರಡು ಸಲ ಎಣಿಸಿ, ಮೂರನೇ ಸಲವೂ ಎಣಿಸಿ ಕೊಟ್ಟರು.

ಸರಿ ಇತ್ತು. ನಲವತ್ತು ರೂಪಾಯಿ.